ಮಗಳಿಗೆ ‘ಸಂಜ್ಞಾ’ ಅಂತ ಇಡಬೇಕಂತ ಮಾಡೇವಿ, ಒಬ್ಬೊಬ್ರ ಬಾಯಾಗ ಒಂದೊಂದು ಹೆಸರಾಗಾಕತ್ತೈತಿ

ಮುಲುಂಡ್ ಸವಿತಾ
ಎಲ್ಲಾರಿಗೂ ನಮಸ್ಕಾರ್ರೀ. ಮಗಳು ಹುಟ್ಟಿ ಇವತ್ತಿಗೆ 38 ದಿನ. ಇನ್ನೂ ಹೆಸರಿಟ್ಟಿಲ್ಲ, ಪುಟ್ಟಿ, ಬಂಗಾರಿ, ಗುಬ್ಬಿ ಅಂತ ಬಾಯಿಗೆ ಬಂದಿದ್ದು ಕರ್ಕೋತ ದಿನ ತಳ್ಳಾಕತ್ತೇವಿ. ಮುಂದಿನ ಐತವಾರ ತೊಟ್ಟಲಾ ಹಾಕೋದೈತಿ, ಧಾರವಾಡದಿಂದ ನಮ್ಮವ್ವ, ಸೊಲ್ಲಾಪುರದಿಂದ ನಾದಿನಿ ಬರೋವ್ರದಾರ. ಕೂಸಿಂದು ಶತಭಿಷಾ ಎರಡನೇ ಪಾದ, ಸಾ ಅಕ್ಷರ ಬಂದೈತಿ. ನಾನೂ ನಮ್ಮ ಮನಿಯವ್ರೂ ರಾತ್ರಿ ಕೂಸು ಮಲಗಿದ ಮ್ಯಾಲ ಕುಂತು ಕುಂತು ಕಡೀಕ ‘ಸಂಜ್ಞಾ’ ಅಂತ ಆರಿಸೇವಿ. ಗುರುತು ಅಂತ ಅರ್ಥ, ಅರಿವು ಅಂತನೂ ಐತಿ, ಇನ್ನೂ ಒಂದು ಅಂದ್ರ ಸಂಸ್ಕೃತದಾಗ ಸಂಜ್ಞಾ ಅಂದ್ರ ‘ಹೆಸರು’ ಅಂತನೇ ಅರ್ಥ ಅಂತ, ಹೆಸರಿಗೇ ಹೆಸರು! ಭಾಳ ಸೇರ್ತು ನಮಗ.

ಈಗ ತ್ರಾಸ ಏನಂದ್ರ, ನಾಕು ಮಂದಿಗೆ ಹೇಳಿ ನೋಡೋಣಂತ ಹೇಳಿದ್ವಿ ನೋಡ್ರಿ, ಬಾಜೂ ಮನಿ ಮರಾಠಿ ಕಾಕು ‘ಸಂದ್ನ್ಯಾ’ ಅಂದ್ರು, ಮನಿಯವ್ರ ಆಫೀಸ್ನಾಗಿನ ಲಖನೌ ಹುಡುಗ ‘ಸಂಗ್ಯಾ’ ಅಂದ, ನಮ್ಮವ್ವ ಫೋನ್ನಾಗ ‘ಸಂಗ್ನ್ಯಾ’ ಅಂದ್ಲು, ಲಸಿಕೆ ಹಾಕ್ಸಾಕ ಹೋದಾಗ ಇಂಗ್ಲಿಷ್ನಾಗ ಬರ್ದು ತೋರ್ಸಿದ್ರ ರಿಸೆಪ್ಶನ್ ಹುಡುಗಿ ‘ಸಂಜನಾ, ಸ್ವೀಟ್ ನೇಮ್’ ಅಂದ್ಲು. ಒಂದು ಕೂಸು, ನಾಕು ಹೆಸರು. ಇದೆಲ್ಲಾ ಹೋಗ್ಲಿ, ನಮ್ಮ ಮಾವನೋರು ಬೈಲಹೊಂಗಲ ಕಡೆಯವ್ರು, ಆ ‘ಸಂಗ್ಯಾ’ ಕೇಳಿ ಅರ್ಧ ತಾಸು ನಕ್ಕಾರ. "ಹೆಣ್ಣುಕೂಸಿಗೆ ಸಂಗ್ಯಾ ಅಂತ ಇಡ್ತೀರೇನ? ಹಂಗಾದ್ರ ಬಾಳ್ಯಾ ಎಲ್ಲಿ?" ಅಂತ. ನಮ್ಮ ಕಡೆಯವ್ರಿಗೆ ಬಿಡಿಸಿ ಹೇಳೋದು ಬ್ಯಾಡ, ಉಳಿದವ್ರಿಗೆ ಹೇಳ್ತೇನಿ, ಸಂಗ್ಯಾ ಬಾಳ್ಯಾ ಅಂದ್ರ ನಮ್ಮ ಕಡೆ ರಾತ್ರಿಯೆಲ್ಲಾ ಆಡೋ ಸಣ್ಣಾಟ, ಜಾನಪದ ನಾಟಕ, ಸಂಗ್ಯಾ ಅಂದ್ರ ಮೀಸಿ ಇರೋ ಗಂಡಸು.

ಇಟ್ಟಬಿಡ್ಲೋ ಬದಲಿ ಮಾಡ್ಲೋ? ಇಂಥಾ ಹೆಸರು ಇಟ್ಟವ್ರು, ಇಟ್ಟುಕೊಂಡವ್ರು ಯಾರರ ಇದ್ರ ಹೇಳ್ರಿ. ಇಂಗ್ಲಿಷ್ ಸ್ಪೆಲ್ಲಿಂಗ್ ಏನು ಹಾಕ್ಬೇಕು ಅನ್ನೋದೂ ತಿಳೀವಲ್ದು.

ಮಾಟುಂಗಾ ಮಂಡಕ್ಕಿ
ಅಭಿನಂದನೆಗಳು ಸವಿತಾ ಅವ್ರೇ. ನೇರವಾಗಿ ಹೇಳ್ತೀನಿ ಬೇಜಾರ್ ಮಾಡ್ಕೋಬೇಡಿ, ಬದಲಾಯ್ಸಿ. ಸಾ ಅಂದ್ರೆ ಸಾನ್ವಿ ಇದೆ ಸಾರಾ ಇದೆ ಸಾಧನಾ ಇದೆ, ಸುಮ್ನೆ ಕಷ್ಟದ ಹೆಸರು ಯಾಕೆ. ಮಗು ದಿನಾ ಹತ್ತು ಸಲ ತಿದ್ಬೇಕಾಗುತ್ತೆ.

ಕುರ್ಲಾ ಕುಂದಾಪ್ರ
ಸುಲಭದ ಹೆಸರು ಅಂತ ಒಂದು ಉಂಟಾ ಮಾರಾಯ್ರೆ? ನನ್ನ ಹೆಸರು ಸ್ವಾತಿ. ಇದಕ್ಕಿಂತ ಸುಲಭದ್ದು ಎಂತ ಬೇಕು? ಉಡುಪಿಯಲ್ಲಿ ಶಾಲೆಗೆ ಸೇರಿಸುವಾಗ ಅಪ್ಪ ನಮ್ಮ ಊರಿನ ಲೆಕ್ಕದಲ್ಲಿ ಟಿ ಎಚ್ ಹಾಕಿ ಬರೆಸಿದ್ರು, ಅಲ್ಲಿ ಎಲ್ಲರೂ ಹಾಗೇ ಬರೆಯುವುದು, ಗೀತಾ ಲತಾ ಸುನೀತಾ ಎಲ್ಲಾ ಟಿ ಎಚ್. ಮದುವೆ ಆಗಿ ಇಲ್ಲಿಗೆ ಬಂದ ಮೇಲೆ ಇಲ್ಲಿಯವರಿಗೆ ಟಿ ಅಂದ್ರೆ ತ, ಟಿ ಎಚ್ ಅಂದ್ರೆ ಥ. ರೇಷನ್ ಕಾರ್ಡಲ್ಲಿ ದೇವನಾಗರಿಯಲ್ಲಿ ‘ಸ್ವಾಥೀ’ ಅಂತ ಬಂತು. ಅದನ್ನು ಓದುವವರು ಅರ್ಧ ಜನ ಒಂದು ರ ಬಿಟ್ಟುಹೋಗಿದೆ ಅಂತ ಭಾವಿಸಿ ‘ಸ್ವಾರ್ಥೀ’ ಅಂತ ಕರೆದ್ರು. ಲೈನಲ್ಲಿ ನಿಂತಾಗ "ಸ್ವಾರ್ಥೀ ಕೌನ್ ಹೈ?" ಅಂತ ಕೂಗಿದ್ರೆ ಕೈ ಎತ್ತುವುದು ಹೇಗೆ ಹೇಳಿ. ನನ್ನ ಗಂಡ ಮಾತ್ರ ಸರಿಯಾಗೇ ಬರೆದಿದ್ದಾರೆ ಅಂತಾರೆ.

ಮಾಟುಂಗಾ ಮಂಡಕ್ಕಿ
ಹಹಹ ಸೋತೆ ಬಿಡಿ.

ಹೆಮ್ಮೆಯ ಕನ್ನಡಿಗ ಥಾಣೆ
ನನ್ನ ಮಾತು ಕೇಳಿ, ಹೆಸರು ಬದಲಾಯಿಸೋ ಪ್ರಶ್ನೆನೇ ಇಲ್ಲ. ನಮ್ಮ ಹೆಸರನ್ನ ನಮ್ಮ ಥರಾನೇ ಹೇಳ್ಬೇಕು ಅಂತ ಅವ್ರಿಗೆ ಕಲಿಸಿ. ನಾವು ಅವ್ರ ಹೆಸರನ್ನ ಸರಿಯಾಗಿ ಹೇಳಲ್ವಾ? ಕನ್ನಡದಲ್ಲಿ ಬರೆದ ಹಾಗೆ ಓದ್ತೀವಿ, ಓದಿದ ಹಾಗೆ ಬರೀತೀವಿ. ಶುದ್ಧ ಉಚ್ಚಾರ ಇರೋದೇ ನಮ್ಮಲ್ಲಿ, ದ್ನ್ಯ ಗ್ಯ ಎಲ್ಲಾ ಅವ್ರು ಕೆಡಿಸಿರೋದು.

ಡೊಂಬಿವಿಲಿ ಮೇಷ್ಟ್ರು
ಥಾಣೆಯವರೇ, ಮೂವತ್ತು ವರ್ಷ ಕನ್ನಡ ಪಾಠ ಹೇಳಿದವನು ನಾನು, ಅದಕ್ಕೇ ಸ್ವಲ್ಪ ತಡೆಯುತ್ತೇನೆ. ಜ್ಞ ಅನ್ನೋದು ಜ ಕಾರಕ್ಕೆ ಞ ಒತ್ತು. ಬರೆದ ಹಾಗೆ ಓದೋದಾದರೆ ನಾಲಿಗೆ ಜ ಇಂದ ಹೊರಟು ಞ ದಲ್ಲಿ ನಿಲ್ಲಬೇಕು. ಈಗ ನೀವು ಜೋರಾಗಿ ‘ವಿಜ್ಞಾನ’ ಅನ್ನಿ. ಏನು ಬಂತು? ವಿಗ್ನ್ಯಾನ ಅಂತ ಬಂತು, ಇಲ್ಲಾ ವಿಗ್ನಾನ. ಜ ಎಲ್ಲಿ ಹೋಯಿತು? ಮರಾಠಿಯವರು ಜ ತೆಗೆದು ದ ಹಾಕಿಕೊಂಡರು, ನಾವು ಜ ತೆಗೆದು ಗ ಹಾಕಿಕೊಂಡೆವು, ಹಿಂದಿಯವರು ಗ ಇಟ್ಟುಕೊಂಡು ನ ಕೂಡ ಬಿಟ್ಟರು. ಕಳುವಾದ ಮಾಲು ಎಲ್ಲರ ಮನೆಯಲ್ಲೂ ಇದೆ, ಯಾರೂ ಪೊಲೀಸರನ್ನ ಕರೆಯೋ ಹಾಗಿಲ್ಲ.

ಹಳಗನ್ನಡದವರು ಇದನ್ನ ಬೇರೆ ದಾರಿಯಲ್ಲಿ ಬಗೆಹರಿಸಿಕೊಂಡಿದ್ದರು. ನಾಲಿಗೆಗೆ ಬಾರದ ಅಕ್ಷರವನ್ನೇ ಕಿತ್ತುಹಾಕಿ ತದ್ಭವ ಮಾಡಿಕೊಂಡರು. ಯಜ್ಞ ಜನ್ನ ಆಯಿತು, ಯಜ್ಞೋಪವೀತ ಜನ್ನಿವಾರ ಆಯಿತು, ವಿಜ್ಞಾಪನೆ ಬಿನ್ನಪ, ಆಜ್ಞೆ ಆಣೆ, ರಾಜ್ಞಿ ರಾಣಿ. ಸವಿತಾ ಅವರೇ, ನಿಮ್ಮ ಮಗಳ ಹೆಸರಿಗೂ ತದ್ಭವ ಇದೆ, ಸಂಜ್ಞೆ ‘ಸನ್ನೆ’ ಆಗಿದೆ. ಕಣ್ಸನ್ನೆ ಕೈಸನ್ನೆ ಅಂತೀವಲ್ಲ ಅದೇ. ಮನೆಯಲ್ಲಿ ಮುದ್ದಿಗೆ ಸನ್ನೆ ಅಂತ ಕರೆಯಿರಿ, ಎಷ್ಟು ಚೆನ್ನಾಗಿದೆ.

ಪಾಣಿನಿಯ ಅಷ್ಟಾಧ್ಯಾಯಿಯ ಮೊದಲ ಸೂತ್ರ ‘ವೃದ್ಧಿರಾದೈಚ್’ ಕೂಡ ಸಂಜ್ಞಾ ಸೂತ್ರವೇ, ಅಂದರೆ ಒಂದಕ್ಕೆ ಹೆಸರಿಡುವ ಸೂತ್ರ. ವ್ಯಾಕರಣ ಶುರುವಾಗೋದೇ ನಿಮ್ಮ ಮಗಳಿಂದ.

ಕುರ್ಲಾ ಕುಂದಾಪ್ರ
ಸನ್ನೆ ಚಂದ ಮೇಷ್ಟ್ರೇ, ಆದ್ರೆ ಮುಂಬಯಿ ಮಕ್ಕಳ ಬಾಯಲ್ಲಿ ಅದು ಎರಡು ದಿನದಲ್ಲಿ ‘ಸನ್ನಿ’ ಆಗ್ತದೆ. ನಮ್ಮ ಅಜ್ಜಿ ಕೇಳಿದ್ರೆ ಮಗುವಿಗೆ ಸನ್ನಿ ಹಿಡಿದಿದೆ ಅಂತ ಕಷಾಯ ಕಾಯಿಸ್ಲಿಕ್ಕೆ ಹೋಗ್ತಾರೆ.

ಡೊಂಬಿವಿಲಿ ಮೇಷ್ಟ್ರು
ಅದನ್ನ ಯೋಚಿಸಿರಲಿಲ್ಲ.

ಪ್ರಜ್ಞಾ ಪುಣೆ
ಈ ಪ್ರಶ್ನೆಗೆ ಉತ್ತರ ಕೊಡೋ ಹಕ್ಕು ನನಗಿಂತ ಜಾಸ್ತಿ ಯಾರಿಗೂ ಇಲ್ಲ ಅನ್ಕೋತೀನಿ, ಹೆಸರು ನೋಡಿ ಗೊತ್ತಾಯ್ತಲ್ಲ. ವಯಸ್ಸು 41, ಹುಟ್ಟಿದ್ದು ಶಿವಮೊಗ್ಗ, ಎಂಟನೇ ಕ್ಲಾಸಿಂದ ಪುಣೆ. ಸ್ವಲ್ಪ ಉದ್ದ ಆಗುತ್ತೆ ಓದ್ಕೊಳಿ.

ಶಿವಮೊಗ್ಗದಲ್ಲಿ ನಾನು ಪ್ರಗ್ನ್ಯಾ. ಪುಣೆಗೆ ಬಂದ ಮೊದಲನೇ ದಿವಸ ಹಾಜರಿ ಕರೀವಾಗ ಟೀಚರು ‘ಪ್ರದ್ನ್ಯಾ’ ಅಂದ್ರು, ನಾನು ಬೇರೆ ಯಾರೋ ಅನ್ಕೊಂಡು ಸುಮ್ನೆ ಕೂತಿದ್ದೆ, ಮೂರು ಸಲ ಕರೆದು ಆಬ್ಸೆಂಟ್ ಹಾಕಿದ್ರು. ಮನೆಗೆ ಬಂದು ಅತ್ತು ಅತ್ತು ಅಪ್ಪನಿಗೆ ಹೇಳಿದ್ರೆ, ಅಪ್ಪ "ಅದು ನಿನ್ನ ಮರಾಠಿ ಹೆಸರು ಕಣೇ, ಯೂನಿಫಾರ್ಮ್ ಥರ, ಸ್ಕೂಲಲ್ಲಿ ಹಾಕ್ಕೋ ಮನೇಲಿ ತೆಗಿ" ಅಂದ್ರು. ಆಗ ಕೋಪ ಬಂದಿತ್ತು, ಆದ್ರೆ ನಿಜವಾಗ್ಲೂ ಹಾಗೇ ಆಯ್ತು. ಈಗಲೂ ಯಾರಾದ್ರೂ ಪ್ರದ್ನ್ಯಾ ಅಂದ್ರೆ ನನ್ನ ಬಾಯಿಂದ ತಾನಾಗೇ ಮರಾಠಿ ಬರುತ್ತೆ, ಪ್ರಗ್ನ್ಯಾ ಅಂದ್ರೆ ಕನ್ನಡ ಬರುತ್ತೆ. ಫೋನ್ ಎತ್ತಿದ ತಕ್ಷಣ ಆ ಕಡೆಯವರು ಯಾವ ಊರಿನವರು ಅಂತ ಗೊತ್ತಾಗಿಬಿಡುತ್ತೆ, ‘ಪ್ರಗ್ಯಾ ಜೀ’ ಅಂದ್ರೆ ಇನ್ಶೂರೆನ್ಸ್ ಮಾರೋರು.

ಉಚ್ಚಾರ ಬೇರೆ ಬೇರೆ ಆಗೋದು ಸಮಸ್ಯೆನೇ ಅಲ್ಲ, ಮಕ್ಕಳು ಅದನ್ನ ಆರು ತಿಂಗಳಲ್ಲಿ ಅಭ್ಯಾಸ ಮಾಡ್ಕೋತಾರೆ. ಸಮಸ್ಯೆ ಇರೋದು ಇಂಗ್ಲಿಷ್ ಅಕ್ಷರದಲ್ಲಿ. ಕನ್ನಡದಲ್ಲಿ ಬರೀರಿ ದೇವನಾಗರಿಯಲ್ಲಿ ಬರೀರಿ, ಜ್ಞ ಒಂದೇ ಅಕ್ಷರ, ಯಾರು ಹೇಗೆ ಓದಿದ್ರೂ ಕಾಗದದ ಮೇಲೆ ಬದಲಾಗಲ್ಲ. ಇಂಗ್ಲಿಷಲ್ಲಿ ಬರೆಯೋವಾಗ ಮಾತ್ರ ನೀವು ಒಬ್ಬರ ನಾಲಿಗೆನ ಆರಿಸ್ಕೊಬೇಕು. ನಮ್ಮಪ್ಪ ಜೆ ಎನ್ ಎ ಹಾಕಿ ಬರೆಸಿದ್ರು. ಪುಣೆ ಸ್ಕೂಲು ಅದನ್ನ ‘ಸರಿಮಾಡಿ’ ಡಿ ಎನ್ ವೈ ಎ ಮಾಡ್ತು, ಹತ್ತನೇ ಕ್ಲಾಸ್ ಸರ್ಟಿಫಿಕೇಟ್ ಹಾಗೇ ಬಂತು. ಬ್ಯಾಂಕಲ್ಲಿ ಒಬ್ಬರು ಜಿ ವೈ ಎ ಮಾಡಿದ್ರು. ಪಾಸ್‌ಪೋರ್ಟ್ ಮಾಡ್ಸೋವಾಗ ನಾನು ಮೂರು ಜನ ಅಲ್ಲ ಒಬ್ಬಳೇ ಅಂತ ಅಫಿಡವಿಟ್ ಮಾಡಿಸಿ ಕೊಡ್ಬೇಕಾಯ್ತು. ಹಾಗಾಗಿ ಹೆಸರು ಇಡಿ, ಖಂಡಿತ ಇಡಿ, ಸ್ಪೆಲ್ಲಿಂಗ್ ಮಾತ್ರ ಮೊದಲನೇ ದಿನಾನೇ ಕಲ್ಲಲ್ಲಿ ಕೆತ್ತಿದ ಹಾಗೆ ಫಿಕ್ಸ್ ಮಾಡಿ, ಆಮೇಲೆ ಯಾರು ‘ಸರಿಮಾಡಕ್ಕೆ’ ಬಂದ್ರೂ ಬಿಡ್ಬೇಡಿ.

ಮುಲುಂಡ್ ಸವಿತಾ
ಪ್ರಜ್ಞಾ ಅಕ್ಕಾರ ಕಣ್ಣಾಗ ನೀರು ಬಂತ್ರೀ ಆ ಆಬ್ಸೆಂಟ್ ಓದಿ. ಅಪ್ಪಾರ ಯೂನಿಫಾರ್ಮ್ ಮಾತು ಮನಿಯವ್ರಿಗೂ ಓದಿ ಹೇಳ್ದೆ.

ಪಿಂಪ್ರಿ ಅಪ್ಪ
ಉಚ್ಚಾರ ಸಮಸ್ಯೆ ಅಲ್ಲ ಅಂತ ಪೂರ್ತಿ ಒಪ್ಪಲ್ಲ ನಾನು. ಗಂಡು ಮಕ್ಕಳಿಗೆ ಬೇರೆ ತೊಂದ್ರೆ. ನಮ್ಮ ಮಗನ ಹೆಸರು ಚಿನ್ಮಯ. ನಾವು ಕನ್ನಡದೋರು ಕೊನೆ ಅಕಾರ ಬಿಡಲ್ಲ, ರಾಮ ಅಂದ್ರೆ ರಾಮನೇ. ಇಲ್ಲಿ ಎಲ್ರೂ ರಾಮ್, ಚಿನ್ಮಯ್. ನಾನು ಹಠಕ್ಕೆ ಬಿದ್ದು ಇಂಗ್ಲಿಷಲ್ಲಿ ಕೊನೇಲಿ ಎ ಹಾಕಿಸ್ದೆ, ಕನ್ನಡ ಉಳೀಲಿ ಅಂತ. ಏನಾಯ್ತು ಗೊತ್ತಾ, ಸ್ಕೂಲಲ್ಲಿ ಇಂಗ್ಲಿಷಿಂದ ಮರಾಠಿಗೆ ಇಳಿಸೋವಾಗ ‘ಚಿನ್ಮಯಾ’ ಅಂತ ದೀರ್ಘ ಕೊಟ್ರು, ಅದು ಹುಡುಗಿ ಹೆಸರಾಯ್ತು, ಮೊದಲನೇ ವರ್ಷ ಸ್ಪೋರ್ಟ್ಸ್ ಡೇಗೆ ಹುಡುಗಿಯರ ಲೆಮನ್ ಸ್ಪೂನ್ ಲಿಸ್ಟಲ್ಲಿ ಹಾಕಿದ್ರು. ಗೆದ್ದ ಬೇರೆ. ಎ ಬಿಟ್ಟು ಬರೆಸಿದ್ರೆ ಹುಡುಗನ ಹೆಸರೇ ಆಗಿರೋದು, ಅಕಾರ ಉಳಿಸಕ್ಕೆ ಹೋಗಿ ಗಂಡುಮಗನ್ನೇ ಕಳ್ಕೊಂಡೆ ಅಂತ ನನ್ನ ಹೆಂಡ್ತಿ ಇನ್ನೂ ಆಡ್ಕೋತಾಳೆ.

ವಾಸ್ಕೋ ವೀರು
ಗೋವಾದಿಂದ ನಮಸ್ಕಾರ. ಇಲ್ಲಿ ಬಂದು ನೋಡ್ರಿ ಸವಿತಾಕ್ಕ, ಮನುಷ್ಯರದ್ದು ಬಿಡ್ರಿ ಊರಿಗೇ ಮೂರು ಮೂರು ಹೆಸರವ. ನಾವು ಮಡಗಾಂವ್ ಅಂತೀವಿ, ಇಂಗ್ಲಿಷ್ ಬೋರ್ಡ್ ಓದಿದವ್ರು ಮಾರ್ಗಾವ್ ಅಂತಾರ, ಕೊಂಕಣಿಯವ್ರು ಮೊಡ್ಗಾಂವ್ ಅಂತಾರ, ಬಸ್ ಮಾತ್ರ ಒಂದೇ ಕಡೆ ಹೋಗ್ತೈತಿ. ರೋಮನ್ ಲಿಪಿ ಕೊಂಕಣಿಯೊಳಗ ಎಕ್ಸ್ ಹಾಕಿದ್ರ ಶ ಅಂತ ಓದ್ಬೇಕು. ನನ್ನ ಮಗಳು ಶಾಂತಾ, ಅಕಿ ಗೆಳತಿ ಒಬ್ಬಾಕಿ ಬರ್ತ್‌ಡೇ ಕಾರ್ಡಿನ ಮ್ಯಾಲ ಎಕ್ಸ್ ಹಾಕಿ ಬರ್ದಿದ್ಲು, ನಾನು ಇದ್ಯಾವ ಔಷಧದ ಹೆಸರಪಾ ಅನ್ಕೊಂಡೆ.

ನಮ್ಮ ಮನಿಗೆ ನಾಕು ಭಾಷೆಯವ್ರು ಬರ್ತಾರ, ಮಕ್ಕಳು ನಾಕೂ ಕರೆಗೂ ಓಗೊಡ್ತಾವ. ಚಿಂತಿ ಮಾಡಬ್ಯಾಡ್ರಿ.

ಹಡಪ್ಸರ್ ಅಮ್ಮ
ನಾವು ಮಗಳಿಗೆ ಋಜುತಾ ಅಂತ ಇಟ್ವಿ, ಅಲ್ಲೂ ಇದೇ ಕಥೆ ಆದ್ರೆ ತಿರುವು ಬೇರೆ. ಋ ಅನ್ನ ನಾವೂ ಮರಾಠಿಯವರೂ ರು ಅಂತೀವಿ, ಪುಣೆಯಲ್ಲಿ ರುಜುತಾ ಅಂತ ಮನೆಗೊಬ್ಬರಿದಾರೆ, ಏನೂ ತೊಂದ್ರೆ ಇಲ್ಲ ಅನ್ಕೊಂಡ್ವಿ. ಹಿಂದಿಯವರು ಮಾತ್ರ ರಿ ಅಂತಾರೆ, ಹಾಗಾಗಿ ಸೊಸೈಟಿಯಲ್ಲಿ ಅರ್ಧ ಜನಕ್ಕೆ ಅವಳು ರಿಜುತಾ. ನಮ್ಮತ್ತೆ ಇದನ್ನ ಕೇಳಿ ಗಾಬರಿ ಆದ್ರು. ಯಾಕಂದ್ರೆ ಮಗು ಸ್ವಾತಿ ಒಂದನೇ ಪಾದ, ಅದಕ್ಕೆ ಅಕ್ಷರ ರು. ರಿ ಅಂದ್ರೆ ಅದರ ಹಿಂದಿಂದು, ಚಿತ್ತಾ ನಾಲ್ಕನೇ ಪಾದ. "ಆ ಪಕ್ಕದ ಮನೆಯೋಳು ಕರೆದಾಗೆಲ್ಲ ಮಗು ನಕ್ಷತ್ರ ಬದಲಾಗತ್ತಲ್ಲೇ" ಅಂತ. ಊರಿಗೆ ಫೋನ್ ಮಾಡಿ ಜೋಯಿಸರನ್ನ ಕೇಳಿದ್ರು. ಅವರು ಎರಡೂ ತುಲಾ ರಾಶಿನೇ ಅಲ್ವೇನ್ರೀ, ಮನೆ ಒಳಗೆ ಪಡಸಾಲೆಯಿಂದ ಅಡುಗೆಮನೆಗೆ ಹೋದ ಹಾಗೆ, ಬಿಡಿ ಅಂದ್ರಂತೆ. ಅತ್ತೆ ಅವತ್ತು ನೆಮ್ಮದಿಯಾಗಿ ಊಟ ಮಾಡಿದ್ರು.

ಅಂಧೇರಿ ಅಣ್ಣ
ಎಲ್ಲಾ ಉಚ್ಚಾರ ಉಚ್ಚಾರ ಅಂತಿದೀರ, ಅರ್ಥ ಯಾರೂ ನೋಡ್ತಿಲ್ಲ. ನನ್ನ ಮಗ ಐದನೇ ಕ್ಲಾಸು, ಹಿಂದಿ ವ್ಯಾಕರಣದ ಪುಸ್ತಕದಲ್ಲಿ ಮೊದಮೊದಲ ಪಾಠಾನೇ ಸಂಗ್ಯಾ. ನಾಮಪದಕ್ಕೆ ಹಿಂದಿಯಲ್ಲಿ ಸಂಜ್ಞಾ ಅಂತಾರೆ, ಮರಾಠಿಯಲ್ಲಿ ನಾಮ ಅಂತಾರೆ ಅದು ಬೇರೆ. "ಸಂಗ್ಯಾ ಕಿಸೇ ಕಹತೇ ಹೈಂ? ಸಂಗ್ಯಾ ಕೇ ಕಿತನೇ ಭೇದ್ ಹೈಂ?" ಅಂತ ದಿನಾ ಬಾಯಿಪಾಠ. ನಿಮ್ಮ ಮಗಳು ಕ್ಲಾಸಲ್ಲಿ ಕೂತಿರ್ತಾಳೆ, ಟೀಚರು ಈ ಪ್ರಶ್ನೆ ಕೇಳ್ತಾರೆ, ಇಡೀ ಕ್ಲಾಸು ಅವಳ ಕಡೆ ತಿರುಗುತ್ತೆ. ಪಕ್ಕದಲ್ಲಿ ಕೂರೋ ಹುಡುಗೀಗೆ ಸರ್ವನಾಮ್ ಅಂತ ಹೆಸರು ಬೀಳೋದು ಗ್ಯಾರಂಟಿ.

ಮುಲುಂಡ್ ಸವಿತಾ
ಅಯ್ಯ ಶಿವನೇ ಇದು ತಲ್ಯಾಗ ಬಂದೇ ಇದ್ದಿಲ್ಲ. ನಮ್ಮ ಕಾಲಕ್ಕ ಧಾರವಾಡದಾಗ ನಾವೂ ಓದೇವಿ ಅದನ್ನ, ಮರ್ತ ಹೋಗಿತ್ತು.

ಡೊಂಬಿವಿಲಿ ಮೇಷ್ಟ್ರು
ಅಂಧೇರಿಯವರು ಹೇಳಿದ್ದು ನಿಜ, ಆದರೆ ಒಂದು ವಾರ ನಗುತ್ತಾರೆ, ಆಮೇಲೆ ಆ ಪಾಠ ಆ ಕ್ಲಾಸಿನಲ್ಲಿ ಯಾರಿಗೂ ಮರೆಯೋದಿಲ್ಲ. ನನ್ನ ಕ್ಲಾಸಿನಲ್ಲಿ ಒಬ್ಬ ಪ್ರತ್ಯಯ ಅನ್ನೋ ಹುಡುಗ ಇದ್ದ, ವಿಭಕ್ತಿ ಪ್ರತ್ಯಯದಲ್ಲಿ ಇಡೀ ಕ್ಲಾಸು ಪೂರ್ತಿ ಮಾರ್ಕ್ಸ್ ತಗೊಂಡಿತು.

ವಸಯಿ ವೈದೇಹಿ
ಅರ್ಥ ಅಂದ್ರಲ್ಲ ಅದಕ್ಕೆ ಹೇಳ್ತೀನಿ, ಪುರಾಣದಲ್ಲಿ ಸಂಜ್ಞಾದೇವಿ ಸೂರ್ಯನ ಹೆಂಡತಿ, ವಿಶ್ವಕರ್ಮನ ಮಗಳು. ಗಂಡನ ತಾಪ ತಡೀಲಾರದೆ ತನ್ನ ನೆರಳು ಛಾಯೆಯನ್ನ ಮನೇಲಿ ನಿಲ್ಲಿಸಿ ತಾನು ತೌರಿಗೆ ಹೋದಳು, ಆಮೇಲೆ ಹೆಣ್ಣು ಕುದುರೆ ರೂಪದಲ್ಲಿ ತಪಸ್ಸು ಮಾಡಿದಳು. ಯಮ ಯಮಿ ಅವಳ ಮಕ್ಕಳು. ಗಂಡನ್ನ ಬಿಟ್ಟು ಹೋದವಳ ಹೆಸರು ಇಡಬೇಕಾ ಅಂತ ನಿಮ್ಮ ಮನೇಲಿ ಹಿರಿಯರು ಕೇಳಬಹುದು, ಉತ್ತರ ಯೋಚಿಸಿಟ್ಟುಕೊಳ್ಳಿ.

ಪ್ರಜ್ಞಾ ಪುಣೆ
ವೈದೇಹಿ ಅವರೇ ಕಥೆ ಅರ್ಧಕ್ಕೆ ನಿಲ್ಲಿಸಿದ್ರಿ. ಮಾವ ವಿಶ್ವಕರ್ಮ ಅಳಿಯನ್ನ ಸಾಣೆಗೆ ಕೊಟ್ಟು ತೇಜಸ್ಸನ್ನ ಕಡಿಮೆ ಮಾಡಿದ, ಆಮೇಲೆ ಇಬ್ಬರೂ ಒಟ್ಟಿಗೆ ಇದ್ದರು. ಸೂರ್ಯನನ್ನೇ ಸಾಣೆ ಹಿಡಿಸಿದೋಳ ಹೆಸರು ಅಂತ ಹೇಳಿ ಸವಿತಾ, ಯಾವ ಹಿರಿಯರೂ ತುಟಿ ಬಿಚ್ಚಲ್ಲ. ಅಂದ ಹಾಗೆ ನಿಮ್ಮ ಹೆಸರಿನ ಮೂಲ ಸವಿತೃ, ಅಂದ್ರೆ ಸೂರ್ಯನೇ. ಸೂರ್ಯನ ಮನೆಗೇ ಬಂದಿದಾಳೆ ಮಗು.

ಮುಲುಂಡ್ ಸವಿತಾ
ಇದನ್ನ ಮಾವನೋರಿಗೆ ಹೇಳ್ದೆ. "ಸಾಣಿ ಹಿಡಿಯೋದು ಈ ಮನ್ಯಾಗ ಹೊಸಾದಲ್ಲ" ಅಂದು ಅತ್ತಿಯವ್ರ ಕಡೆ ನೋಡಿದ್ರು.

ಹೆಮ್ಮೆಯ ಕನ್ನಡಿಗ ಥಾಣೆ
ಮೇಷ್ಟ್ರು ಹೇಳಿದ ಮೇಲೆ ನಾನೂ ಕನ್ನಡಿ ಮುಂದೆ ನಿಂತು ವಿಜ್ಞಾನ ಅಂತ ಹೇಳಿ ನೋಡಿದೆ. ಗ ನೇ ಬರ್ತಿದೆ. ಆದ್ರೂ ನನ್ನ ಅಭಿಪ್ರಾಯ ಬದಲಾಗಿಲ್ಲ, ಮನೇಲಾದ್ರೂ ಒಂದೇ ಥರ ಕರೀರಿ. ಅಜ್ಜಿ ಒಂದು ಅಪ್ಪ ಒಂದು ಅಂದ್ರೆ ಮಗುಗೆ ತನ್ನ ಹೆಸರು ಯಾವ್ದು ಅಂತಾನೇ ಗೊತ್ತಾಗಲ್ಲ.

ಫಾರ್ಮ್ ಫೈಲ್ ಪರಬ್ಬ
ಭಾವನೆ ಎಲ್ಲಾ ಆಯ್ತು, ಈಗ ಕಾಗದದ ಮಾತು. ದಾಖಲೆ ಕೆಲಸ ನನ್ನ ಹೊಟ್ಟೆಪಾಡು, ಅದಕ್ಕೆ ಹೇಳೋದು.

ಹೆಸರಿಗೆ ಅವಸರ ಮಾಡ್ಬೇಡಿ. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ 21 ದಿನದೊಳಗೆ ತಿಳಿಸ್ಬೇಕಾಗಿರೋದು ಹುಟ್ಟಿದ್ದನ್ನ, ಅದನ್ನ ಆಸ್ಪತ್ರೆಯವರೇ ಕಳಿಸಿರ್ತಾರೆ. ಹೆಸರು ಆಮೇಲೆ ಸೇರಿಸ್ಬಹುದು, ಒಂದು ವರ್ಷದೊಳಗೆ ಆದ್ರೆ ಲೇಟ್ ಫೀ ಇಲ್ಲ, ಆಮೇಲೆ ಫೀ ಕಟ್ಟಿ 15 ವರ್ಷದ ತನಕ. ಆದ್ರೆ ಒಮ್ಮೆ ಸೇರಿಸಿದ ಮೇಲೆ ಬದಲಾಯ್ಸೋದು ತಲೆನೋವು, ಬರೆಯೋವಾಗಿನ ತಪ್ಪು ಅಂತ ಸಾಬೀತಾದ್ರೆ ತಿದ್ದುತ್ತಾರೆ, ಮನಸ್ಸು ಬದಲಾಯ್ತು ಅಂದ್ರೆ ಸರ್ಕಾರಿ ಗೆಜೆಟ್‌ನಲ್ಲಿ ಪ್ರಕಟಿಸೋ ದಾರಿ. 1 ಅಕ್ಟೋಬರ್ 2023ರ ನಂತರ ಹುಟ್ಟಿದ ಮಕ್ಕಳಿಗೆ ಈ ಒಂದು ಸರ್ಟಿಫಿಕೇಟೇ ಶಾಲೆ, ಲೈಸನ್ಸ್, ವೋಟರ್ ಲಿಸ್ಟ್ ಎಲ್ಲಕ್ಕೂ ಬುಡ. ಆಧಾರಲ್ಲಿ ಹೆಸರು ಬದಲಾಯ್ಸೋಕೆ ಜೀವಮಾನದಲ್ಲಿ ಎರಡೇ ಸಲ ಅವಕಾಶ, ಅದನ್ನ ಮಗುವಿನ ಕಾಲಕ್ಕೆ ಉಳಿಸಿ.

ಮಹಾರಾಷ್ಟ್ರದ ಸರ್ಟಿಫಿಕೇಟಲ್ಲಿ ಮರಾಠಿ ಇಂಗ್ಲಿಷ್ ಎರಡೂ ಇರುತ್ತೆ. ಎರಡನ್ನೂ ನೀವೇ ಒಂದು ಚೀಟಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಕೊಡಿ, ಬಾಯಲ್ಲಿ ಹೇಳ್ಬೇಡಿ. ಇಂಗ್ಲಿಷ್ ಟೈಪ್ ಮಾಡಿದ ತಕ್ಷಣ ಕಂಪ್ಯೂಟರ್ ತಾನೇ ದೇವನಾಗರಿ ಹಾಕೋ ಕಡೆ ‘ಸಂಜನಾ’ ಬರೋದು ಜಾಸ್ತಿ, ಪ್ರಿಂಟ್ ಆಗೋ ಮುಂಚೆ ಸ್ಕ್ರೀನ್ ನೋಡಿಯೇ ಹೂಂ ಅನ್ನಿ.

ಇನ್ನೊಂದು, ಇದು ಯಾರೂ ಹೇಳಿಲ್ಲ. ಮಹಾರಾಷ್ಟ್ರ ಸರ್ಕಾರ ಮಾರ್ಚ್ 2024ರಲ್ಲಿ ನಿರ್ಧಾರ ಮಾಡಿದೆ, 1 ಮೇ 2024 ಮತ್ತು ಆಮೇಲೆ ಹುಟ್ಟಿದ ಮಕ್ಕಳ ಹೆಸರು ಸರ್ಕಾರಿ ದಾಖಲೆಯಲ್ಲಿ ಮಗುವಿನ ಹೆಸರು, ತಾಯಿ ಹೆಸರು, ತಂದೆ ಹೆಸರು, ಅಡ್ಡಹೆಸರು ಅಂತ ಈ ಕ್ರಮದಲ್ಲಿ ಬರ್ಬೇಕು. ಅಂದ್ರೆ ಮಗಳ ಹೆಸರಿನ ಜೊತೆ ನಿಮ್ಮ ಹೆಸರಿನ ಸ್ಪೆಲ್ಲಿಂಗೂ ಅಂಟ್ಕೊಂಡು ಬರುತ್ತೆ. ಸವಿತಾ ಅಂತ ನಿಮ್ದು ಎಲ್ಲಾ ಕಡೆ ಒಂದೇ ಥರ ಇದ್ಯಾ ನೋಡ್ಕೊಳಿ.

ಮುಲುಂಡ್ ಸವಿತಾ
ಪರಬ್ಬಣ್ಣ ನಿಮ್ಮ ಬಾಯಿಗೆ ಸಕ್ರಿ ಹಾಕ್ಬೇಕೋ ಏನ್ ಮಾಡ್ಬೇಕೋ. ಕಪಾಟ ತಗದು ನೋಡ್ದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ನಾಗ ಟಿ ಎಚ್ ಐತಿ. ಆಧಾರ್ನಾಗೂ ಟಿ ಎಚ್. ಮದುವಿ ರಿಜಿಸ್ಟ್ರೇಶನ್ ಇಲ್ಲಿ ಆಗಿದ್ದು, ಬರೇ ಟಿ. ಡೆಲಿವರಿ ಫೈಲ್ ಮದುವಿ ಸರ್ಟಿಫಿಕೇಟ್ ನೋಡಿ ಮಾಡಿದ್ದು, ಅದೂ ಬರೇ ಟಿ. ಮಗಳ ಹೆಸರಿನ ಉಸಾಬರಿ ಮಾಡ್ಕೋತ ಕುಂತಾಕಿಗೆ ನಂದೇ ಎರಡ ಆಗ್ಯಾವ ಅನ್ನೋದು 38 ದಿನ ಗೊತ್ತಿಲ್ಲ, ಅಲ್ಲಲ್ಲ, 31 ವರ್ಷ ಗೊತ್ತಿಲ್ಲ.

ಕುರ್ಲಾ ಕುಂದಾಪ್ರ
ಸವಿಥಾ ಸಂಘಕ್ಕೆ ಸ್ವಾಗತ, ಇಂತಿ ನಿಮ್ಮ ಸ್ವಾರ್ಥಿ.

ಸೊಲ್ಲಾಪುರ ಶೇಂಗಾ ಚಟ್ನಿ
ಹಿಂದ ಕುಂತು ಎಲ್ಲಾ ಓದಾಕತ್ತಿದ್ದೆ, ಈಗ ಬಾಯಿ ಹಾಕ್ತೀನಿ. ನಾವು ಸೊಲ್ಲಾಪುರದವ್ರು, ಮನ್ಯಾಗ ಕನ್ನಡ ಓಣ್ಯಾಗ ಮರಾಠಿ, ನಮಗ ಇದು ದಿನಾ ಇದ್ದದ್ದ. ಸ್ಪೆಲ್ಲಿಂಗ್ ಒಂದೊಂದ ನೋಡೋಣ ಬರ್ರಿ. ಜೆ ಎನ್ ಎ ಹಾಕಿದ್ರ ಜೆ ಗೂ ಎನ್ ಗೂ ನಡುವ ಎ ಬಿಟ್ಟು ಹೋಗೇತಿ ಅಂತ ಪ್ರತಿಯೊಬ್ಬ ತಿಳ್ಕೊಂಡು ಸಂಜನಾ ಮಾಡ್ತಾನ, ಬರೇ ಓದೂದಲ್ಲ, ಕಾಗದದಾಗೂ ಎ ಸೇರಿಸಿಬಿಡ್ತಾನ, ಅದ ಗಂಡಾಂತರ. ಡಿ ಎನ್ ವೈ ಎ ಹಾಕಿದ್ರ ಮಹಾರಾಷ್ಟ್ರದಾಗ ಯಾರೂ ಮುಟ್ಟಂಗಿಲ್ಲ, ದ್ನ್ಯಾನೇಶ್ವರ ಅಂತ ಇಲ್ಲಿ ಮಂದಿ ಹಂಗ ಬರೀತಾರ. ಆದ್ರ ಬೆಂಗಳೂರಿಗೆ ಹೋದ್ರ ಎಸ್ ಎ ಎನ್ ಡಿ, ಸ್ಯಾಂಡ್, ಉಸುಕು. ಮಗಳ ಹೆಸರಾಗ ಉಸುಕು ಬ್ಯಾಡ. ಜಿ ವೈ ಎ ಅಂದ್ರ ನಿಮ್ಮ ಮಾವನೋರು ಸಣ್ಣಾಟ ಚಾಲೂ ಮಾಡ್ತಾರ.

ನನ್ನ ಸಲಹೆ ಜೆ ಎನ್ ವೈ ಎ. ಒಂದ ವೈ ಜಾಸ್ತಿ. ಆ ವೈ ಇದ್ರ ಸಂಜನಾ ಅಂತ ಓದಾಕ ಬರೂದಿಲ್ಲ, ಓದಾಂವ ಒಂದ ಕ್ಷಣ ನಿಂತು ‘ಹೆಂಗ ಅನ್ಬೇಕ್ರಿ ಇದನ್ನ’ ಅಂತ ಕೇಳ್ತಾನ. ಕೇಳ್ಲಿ. ತಪ್ಪ ಓದೂಕಿಂತ ಕೇಳೂದು ಛಲೋ. ನಮ್ಮಕ್ಕನ ಮಗಳು ಆಜ್ಞಾ, ಹಿಂಗ ಬರ್ಸೀವಿ, ಕಾಲೇಜಿಗೆ ಬಂದಾಳ, ಇನ್ನಾತನಕ ಕಾಗದದಾಗ ಒಂದ ತಪ್ಪಿಲ್ಲ. ಬಾಯಾಗ ಏನರ ಅಂದ್ಕೋಳ್ಳಿ.

ಕುರ್ಲಾದಿಂದ ಬಂಗಾಳಕ್ಕ ಹೋಗೂ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ನೋಡ್ರಿ, ಮರಾಠಿಯವ್ರು ದ್ನ್ಯಾನೇಶ್ವರಿ, ಹಿಂದಿಯವ್ರು ಗ್ಯಾನೇಶ್ವರಿ, ಬಂಗಾಳಿಗೆ ಮುಟ್ಟಿದ ಮ್ಯಾಲ ಇನ್ನೊಂದ ನಮೂನಿ. ಗಾಡಿ ನಂಬರ್ ಒಂದ. ನಿಮ್ಮ ಸ್ಪೆಲ್ಲಿಂಗ್ ಗಾಡಿ ನಂಬರ್ ಅಂತ ತಿಳ್ಕೋರಿ.

ಪ್ರಜ್ಞಾ ಪುಣೆ
ಗಾಡಿ ನಂಬರ್!! ಇದನ್ನ 41 ವರ್ಷ ಯಾರೂ ನನಗೆ ಹೇಳ್ಲಿಲ್ಲ.

ಮಾಟುಂಗಾ ಮಂಡಕ್ಕಿ
ಸಾನ್ವಿ ಇನ್ನೂ ಖಾಲಿ ಇದೆ ನೋಡಿ ಬೇಕಾದ್ರೆ.

ಮುಲುಂಡ್ ಸವಿತಾ
ಅಪ್ಡೇಟ್ ಕೊಡ್ತೇನಿ ಅಂದಿದ್ದೆ, ತಡ ಆತು, ಮನಿ ತುಂಬ ಮಂದಿ.

ಐತವಾರ ತೊಟ್ಟಲಾ ಹಾಕಿದ್ವಿ. ಗುಗ್ಗರಿ ಮಾಡಿದ್ವಿ, ಬಾಜೂ ಕಾಕು ತಾವೂ ಘುಗರ್ಯಾ ಮಾಡ್ಕೊಂಡು ಬಂದಿದ್ರು, ಎರಡೂ ಒಂದ ಅಂತ ಇಬ್ಬರಿಗೂ ಆಗ ಗೊತ್ತಾತು. ಕಿವ್ಯಾಗ ಹೆಸರು ಹೇಳೋದು ಸೋದರತ್ತಿ ಕೆಲಸ. ನಮ್ಮ ನಾದಿನಿಗೆ ನಾನು, ನಮ್ಮವ್ವ, ಮನಿಯವ್ರು ಎಲ್ಲಾರೂ ಎರಡು ದಿನ ಮೊದಲಿಂದ ಟ್ರೇನಿಂಗ್ ಕೊಟ್ಟಿದ್ವಿ, ಸಂಗ್ನ್ಯಾ, ಸಂಗ್ನ್ಯಾ, ಕನ್ನಡದಾಗ ಹೇಳವ್ವಾ ಅಂತ. ಹೂಂ ಹೂಂ ಅಂತಿದ್ಲು. ತೊಟ್ಟಲದ ಮ್ಯಾಲ ಬಗ್ಗಿದ್ಲು, ಕುರ್ರ್ ಅಂದ್ಲು, ಹಿಂದಿಂದ ಹೆಣ್ಣಮಕ್ಕಳೆಲ್ಲಾ ಬೆನ್ನಿಗೆ ಗುದ್ದಾಕ ಚಾಲೂ ಮಾಡಿದ್ರು, ಕಾಕು ಅಂತೂ ಜೋರಾಗೇ ಗುದ್ದಿದ್ರು, ಆ ಗುದ್ದಿಗೋ ಏನೋ ನಾದಿನಿ ಬಾಯಿಂದ ಸೊಲ್ಲಾಪುರದ್ದು ಬಂದುಬಿಡ್ತು, ‘ಸಂದ್ನ್ಯಾ’. ಮೂರೂ ಸಲ ಹಂಗ ಅಂದ್ಲು. ನಮ್ಮವ್ವ ಮಾರಿ ಸಣ್ಣದು ಮಾಡ್ಕೊಂಡ್ಲು, ಕಾಕು ಮಾರಿ ಇಷ್ಟಗಲ ಆತು. ಆಮ್ಯಾಲ ಅವ್ವನೇ ಹೋಗಿ ಇನ್ನೊಂದು ಕಿವ್ಯಾಗ ‘ಸಂಗ್ನ್ಯಾ’ ಅಂತ ಹೇಳಿ ಬಂದ್ಲು. ಶಾಸ್ತ್ರದಾಗ ಐತೋ ಇಲ್ಲೋ ಗೊತ್ತಿಲ್ಲ. ಒಂದು ಕಿವಿ ಮರಾಠಿ ಒಂದು ಕಿವಿ ಕನ್ನಡ ಆತು.

ಸ್ಪೆಲ್ಲಿಂಗ್ ಜೆ ಎನ್ ವೈ ಎ. ಚೀಟಿ ಬರ್ಕೊಂಡು ಹೋಗಿದ್ದೆ ಪರಬ್ಬಣ್ಣ, ನೀವು ಹೇಳಿದ್ದ ಆತು, ಸ್ಕ್ರೀನ್ ಮ್ಯಾಲ ಮೊದಲ ಏನೋ ಸಂಜನ್ಯಾ ಅಂತ ಬಂತು, ತಿದ್ದಿಸಿದೆ. ಅಲ್ಲಿದ್ದ ಬಾಯಿಯವ್ರು ದೇವನಾಗರಿ ಓದಿ "ಸಂದ್ನ್ಯಾ, ಛಾನ್ ನಾವ್ ಆಹೇ" ಅಂದ್ರು. ನಾನು ತಿದ್ದಾಕ ಹೋಗ್ಲಿಲ್ಲ, ಥ್ಯಾಂಕ್ಯೂ ಅಂದೆ. ನನ್ನ ಹೆಸರಿಗೆ ಟಿ ಎಚ್ ಮಾಡ್ಸಾಕ ಆಧಾರ್ ಮಾರ್ಕ್ಸ್ ಕಾರ್ಡ್ ಝೆರಾಕ್ಸ್ ಕೇಳ್ಯಾರ, ಸೋಮವಾರ ಮತ್ತ ಹೋಗ್ಬೇಕು.

ಹೆಮ್ಮೆಯ ಕನ್ನಡಿಗ ಥಾಣೆ
ಅಭಿನಂದನೆಗಳು. ಮನೇಲಿ ಎಲ್ಲರೂ ಒಂದೇ ಥರ ಕರೀತಿದಾರೆ ತಾನೆ?

ಮುಲುಂಡ್ ಸವಿತಾ
ಎಲ್ಲೀದ್ರೀ. ಅಷ್ಟು ನಕ್ಕಿದ್ದ ಮಾವನೋರ ಈಗ ಮುಂಜಾನೆದ್ದು ತೊಟ್ಟಲಾ ತೂಗ್ಕೋತ "ಏನೋ ಸಂಗ್ಯಾ, ಎದ್ದೇನೋ" ಅಂತ ಮಾತಾಡಸ್ತಾರ, ಅಕಿ ಅವ್ರ ದನಿಗೇ ಕೈಕಾಲು ಬಡೀತಾಳ. ಎರಡನೇದು ಆದ್ರ ಹೆಸರು ಹುಡುಕೋ ತ್ರಾಸ ಇಲ್ಲ, ಬಾಳ್ಯಾ ಅಂತ ರೆಡಿ ಐತಿ ಅಂತ ಊರಿಗೆಲ್ಲಾ ಫೋನ್ ಹಚ್ಚಿ ಹೇಳ್ಯಾರ.